ಎಚ್‌ಐವಿ ತಳಿ ನೋಡಿದರೆ 'ಯಾರು ತಂದರು' ಅಂತ ಗೊತ್ತಾಗುತ್ತಾ?

ಹಟ್ಟಿಹೊಳೆ ತೋಟ

ಎಲ್ಲರಿಗೂ ನಮಸ್ಕಾರ. 2025ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಿಂದ ಬಂದ ಸುದ್ದಿ ನೆನಪಿರಬಹುದು. ಡ್ರಗ್ಸ್ ಚುಚ್ಚಿಕೊಳ್ಳುತ್ತಿದ್ದ 10 ಜನರಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಸಿರಿಂಜ್ ಹಂಚಿಕೊಂಡಿದ್ದರಂತೆ. ಅದರಲ್ಲಿ ಮೂವರು ಹೊರ ರಾಜ್ಯದ ಕೆಲಸಗಾರರು. ಆಗಿನಿಂದ ನಮ್ಮ ಕೊಡಗಿನ ಕಡೆ ಒಂದೇ ಮಾತು. ಸಿದ್ದಾಪುರ ಸಂತೆಯಲ್ಲೂ ಅದೇ, ಕ್ಲಬ್ಬಿನಲ್ಲೂ ಅದೇ. 'ಅಸ್ಸಾಂನವರನ್ನು ಲೈನ್‌ಮನೆಗೆ (ತೋಟದ ಕೆಲಸಗಾರರ ಮನೆಸಾಲು) ಸೇರಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ' ಎನ್ನುತ್ತಾರೆ.

ನನ್ನ ತೋಟದಲ್ಲಿ ರೊಬಸ್ಟಾ ಕಾಫಿ ಕೊಯ್ಲು ನಡೆಯುವುದೇ ಅವರಿಂದ. ಸುಮ್ನೆ ಯಾರನ್ನೋ ಅನುಮಾನಿಸಲು ನನಗೆ ಇಷ್ಟ ಇಲ್ಲ. ಆದರೆ ಮೊನ್ನೆ ಒಬ್ಬರು, 'ಈಗ ವೈರಸ್ಸಿನ ತಳಿ ನೋಡಿದರೆ ಸಾಕು, ಯಾವ ಊರಿಂದ ಬಂತು, ಯಾರಿಂದ ಯಾರಿಗೆ ಹೋಯಿತು ಎಲ್ಲ ತಿಳಿಯುತ್ತದೆ' ಅಂದರು. ಇದು ನಿಜವಾ? ಗೊತ್ತಿದ್ದವರು ಹೇಳಿ.

ಕುಶಾಲನಗರ ಆಟೋ

ಇದರಲ್ಲಿ ಕೇಳುವುದೇನಿದೆ ಅಣ್ಣ. ಮೊದಲು ಇಲ್ಲಿ ಇದೆಲ್ಲ ಇತ್ತಾ? ತ್ರಿಪುರಾದಲ್ಲಿ 828 ವಿದ್ಯಾರ್ಥಿಗಳಿಗೆ ಒಂದೇ ಸಲ ಎಚ್‌ಐವಿ ಅಂತ ವಾಟ್ಸಾಪಿನಲ್ಲಿ ಬಂದಿತ್ತಲ್ಲ. ಆ ಕಡೆಯವರೇ ಅಲ್ವಾ ಇಲ್ಲಿಗೆ ಬರುತ್ತಿರುವುದು.

ಸೋಮವಾರಪೇಟೆ ಸಿಸ್ಟರ್

ತಮ್ಮಾ, ಆ ಮೆಸೇಜ್ ನನಗೂ ಬಂದಿತ್ತು. 828 ಒಂದು ವರ್ಷದ ಲೆಕ್ಕ ಅಲ್ಲ. 2007ರ ಏಪ್ರಿಲ್‌ನಿಂದ 2024ರ ಮೇ ತನಕ ಅಲ್ಲಿ ಹೆಸರು ಬರೆಸಿದವರ ಒಟ್ಟು ಲೆಕ್ಕ. ತ್ರಿಪುರಾ ಸರ್ಕಾರ ಸ್ಪಷ್ಟನೆಯನ್ನೂ ಕೊಟ್ಟಿತು. ಸ್ಪಷ್ಟನೆಯನ್ನು ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ.

ಇನ್ನು 'ಮೊದಲು ಇಲ್ಲಿ ಇತ್ತಾ' ಎಂಬ ಪ್ರಶ್ನೆ. ದೇಶದಲ್ಲಿ ಮೊದಲು ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಪತ್ತೆ ಮಾಡಿದವರು ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. ನಮ್ಮ ದಕ್ಷಿಣದಲ್ಲೇ. 2021ರ ರಾಷ್ಟ್ರೀಯ ಅಂದಾಜು ನೋಡಿ. ವಯಸ್ಕರಲ್ಲಿ ದೇಶದ ಸರಾಸರಿ ಶೇ 0.21. ಕರ್ನಾಟಕದ್ದು ಅದರ ಎರಡರಷ್ಟು, ಶೇ 0.46. ಮಿಜೋರಾಂ ಶೇ 2.70, ಅದು ಎಲ್ಲರಿಗಿಂತ ಮೇಲೆ. ಆದರೆ ಅಸ್ಸಾಂ ದೇಶದ ಸರಾಸರಿಗಿಂತಲೂ ಕೆಳಗಿದೆ. ಲೆಕ್ಕದ ಪ್ರಕಾರ ಹೋದರೆ ಅಸ್ಸಾಂ ಹುಡುಗ ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ದುಡಿಯಲು ಬಂದಿದ್ದಾನೆ. ಪರೀಕ್ಷೆ ಯಾರು ಯಾರಿಗೆ ಮಾಡಿಸಬೇಕು ಈಗ?

ಈಶಾನ್ಯ ಎಂದರೆ ಎಲ್ಲ ಒಂದೇ ಊರು ಅಂದುಕೊಳ್ಳುವುದನ್ನು ಮೊದಲು ಬಿಡಬೇಕು. ತಳಿ ವಿಷಯ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದಾರೆ, ಬರೆಯಲಿ.

ವಿರಾಜಪೇಟೆ ಲ್ಯಾಬ್

ಕರೆದಿದ್ದು ನನ್ನನ್ನೇ ಇರಬೇಕು ಸಿಸ್ಟರ್. ಊರು ವಿರಾಜಪೇಟೆ, ಕೆಲಸ ಮೈಸೂರಿನ ಒಂದು ಲ್ಯಾಬಿನಲ್ಲಿ. ಸ್ವಲ್ಪ ಉದ್ದ ಆಗುತ್ತದೆ.

ಐಸಿಟಿಸಿಯಲ್ಲಿ (ಸರ್ಕಾರಿ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರ) ಮಾಡುವ ಪರೀಕ್ಷೆಯಲ್ಲಿ ತಳಿ ಕಾಣಿಸುವುದೇ ಇಲ್ಲ. ಅದು ನೋಡುವುದು ನಮ್ಮ ರಕ್ತದಲ್ಲಿ ವೈರಸ್ ವಿರುದ್ಧ ಆಂಟಿಬಾಡಿ ಇದೆಯಾ ಎಂದು. ತಳಿ ಬೇಕಾದರೆ ವೈರಸ್ಸಿನ ಜೀನ್ ಓದಬೇಕು. ಎಚ್‌ಐವಿಯ ಪೂರ್ತಿ ಬರಹ ಸುಮಾರು 9,700 ಅಕ್ಷರ. ಅಷ್ಟನ್ನೂ ಓದುವುದು ಅಪರೂಪ. 'ಪೋಲ್' ಎಂಬ ಭಾಗದಲ್ಲಿ ಒಂದು ಸಾವಿರ ಚಿಲ್ಲರೆ ಅಕ್ಷರ ಓದುತ್ತಾರೆ. ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ತಿಳಿಯಲು ಹೇಗೂ ಅದೇ ಭಾಗ ಬೇಕು. ತಳಿ ಪತ್ತೆ ಅದರ ಜೊತೆಗೇ ಸಿಗುವ ಲಾಭ.

ಎಚ್‌ಐವಿ ತನ್ನನ್ನು ನಕಲು ಮಾಡಿಕೊಳ್ಳುವಾಗ ತುಂಬ ತಪ್ಪು ಮಾಡುತ್ತದೆ. ಶಾಲೆಯಲ್ಲಿ ನೋಟ್ಸ್ ಕದ್ದು ಬರೆದವರನ್ನು ಮೇಷ್ಟ್ರು ಹೇಗೆ ಹಿಡಿಯುತ್ತಾರೆ? ಇಬ್ಬರ ಪುಸ್ತಕದಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಇರುತ್ತದೆ. ಇಲ್ಲೂ ಹಾಗೇ. ಎರಡು ವೈರಸ್‌ಗಳ ನಡುವೆ ವ್ಯತ್ಯಾಸ ಶೇ 1.5ಕ್ಕಿಂತ ಕಡಿಮೆ ಇದ್ದರೆ ಅವೆರಡಕ್ಕೂ ನಂಟಿದೆ ಎಂದು ಗೆರೆ ಎಳೆಯುತ್ತಾರೆ. ಈಚೆಗೆ, ವೇಗವಾಗಿ ಹರಡುತ್ತಿರುವುದನ್ನು ಮಾತ್ರ ಹುಡುಕಬೇಕಾದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಶೇ 0.5 ಎಂಬ ಬಿಗಿ ಅಳತೆ ಇಟ್ಟುಕೊಂಡಿದೆ. ಹೀಗೆ ಗೆರೆ ಸೇರಿ ಸೇರಿ ಒಂದು ಬಲೆ ಆಗುತ್ತದೆ. ಅದನ್ನೇ ಕ್ಲಸ್ಟರ್ ಎನ್ನುವುದು.

ಇನ್ನು ತಳಿಗಳು. ಎಚ್‌ಐವಿ-1ರಲ್ಲಿ ಎಂ ಎಂಬ ದೊಡ್ಡ ಗುಂಪಿದೆ. ಅದರೊಳಗೆ ಎ, ಬಿ, ಸಿ, ಡಿ ಹೀಗೆ ಉಪತಳಿಗಳು. ಭಾರತದಲ್ಲಿ ಬಹುತೇಕ ಸಿ. ಲೋಕದ ಸೋಂಕಿನಲ್ಲೂ ಅರ್ಧದ ಹತ್ತಿರ ಸಿ. ಹಾಗಾಗಿ ಮೈಸೂರಿನವನದ್ದೂ ಸಿ, ಗುವಾಹಟಿಯವನದ್ದೂ ಸಿ ಎಂದು ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಂದಹಾಗೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಈ ಸಿ ಮೇಲೆ ಬಹಳ ವರ್ಷದಿಂದ ಕೆಲಸ ಮಾಡಿದೆ. ನಮ್ಮ ಪಕ್ಕದಲ್ಲೇ ಆದ ಕೆಲಸ, ನಮಗೇ ಗೊತ್ತಿರುವುದಿಲ್ಲ.

ಗೋಣಿಕೊಪ್ಪ ಮೇಷ್ಟ್ರು

ನೋಟ್ಸ್ ಉದಾಹರಣೆ ಒಪ್ಪಿದೆ. ಆದರೆ ಇಬ್ಬರ ಪುಸ್ತಕದಲ್ಲೂ ಒಂದೇ ತಪ್ಪಿದ್ದರೆ ಯಾರು ಯಾರದ್ದನ್ನು ನೋಡಿ ಬರೆದರು ಎಂದು ನನಗೆ ಎಂದೂ ತಿಳಿದಿಲ್ಲ. ಇಬ್ಬರೂ ಮೂರನೆಯವನದ್ದನ್ನು ನೋಡಿರಬಹುದು. ಆ ಮೂರನೆಯವನು ಆವತ್ತು ರಜೆಯೂ ಹಾಕಿರಬಹುದು.

ವಿರಾಜಪೇಟೆ ಲ್ಯಾಬ್

ಸರ್, ಹಟ್ಟಿಹೊಳೆ ಅಣ್ಣನ ಪ್ರಶ್ನೆಗೆ ಅದೇ ಉತ್ತರ. ಸುಮಾರು ಜನ ತಪ್ಪು ತಿಳಿಯುವುದು ಅಲ್ಲೇ. ರಜೆ ಹಾಕಿದ ಹುಡುಗ ಅಂದರೆ ಇನ್ನೂ ಪರೀಕ್ಷೆಯೇ ಮಾಡಿಸದವನು. ಅಂಥವರು ಯಾವಾಗಲೂ ಇರುತ್ತಾರೆ. 'ಎ' ಮತ್ತು 'ಬಿ' ಎಂಬ ಇಬ್ಬರು ಒಂದೇ ಕ್ಲಸ್ಟರಿನಲ್ಲಿದ್ದಾರೆ ಎಂದರೆ ಒಂದೇ ಬಲೆಯಲ್ಲಿದ್ದಾರೆ ಎಂದಷ್ಟೇ. ಎ ಯಿಂದ ಬಿ ಗೆ ಹೋಯಿತು ಎಂದಲ್ಲ.

ಆದರೆ 'ಇವರಿಂದ ಬಂದಿರಲು ಸಾಧ್ಯ ಇಲ್ಲ' ಎಂದು ಮಾತ್ರ ಕೆಲವು ಸಲ ಗಟ್ಟಿಯಾಗಿ ಹೇಳಬಹುದು. ಇದು ಡ್ರಗ್ಸ್ ಸೂಜಿಯ ಕಥೆ ಅಲ್ಲ, ಆಸ್ಪತ್ರೆ ಸೂಜಿಯದ್ದು. ಆದರೂ ಹೇಳಲೇಬೇಕು. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ 1998ರಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ಬಂತು. ಬಲ್ಗೇರಿಯಾದ ಐವರು ನರ್ಸ್‌ಗಳು ಮತ್ತು ಪ್ಯಾಲೆಸ್ಟೀನಿನ ಒಬ್ಬ ಡಾಕ್ಟರ್ ಬೇಕೆಂದೇ ಹರಡಿದರು ಎಂದು ಕೇಸು ಹಾಕಿದರು. ಮರಣದಂಡನೆಯೂ ಆಯಿತು. ನರ್ಸ್‌ಗಳು ಬಂದದ್ದು ಹೊರ ದೇಶದಿಂದ, ಜನಕ್ಕೆ ಅಷ್ಟು ಸಾಕಾಯಿತು. 2006ರಲ್ಲಿ ವಿಜ್ಞಾನಿಗಳು ಆ ಮಕ್ಕಳ ವೈರಸ್ ಓದಿ, ಎಷ್ಟು ತಪ್ಪು ಕೂಡಿಕೊಂಡಿವೆ ಎಂದು ಎಣಿಸಿ ಹಿಂದಕ್ಕೆ ಲೆಕ್ಕ ಹಾಕಿದರು. ಅದು ಪಶ್ಚಿಮ ಆಫ್ರಿಕಾದಲ್ಲಿ ಹೆಚ್ಚಿರುವ ತಳಿ. ನರ್ಸ್‌ಗಳು ಬಂದದ್ದು 1998ರ ಮಾರ್ಚ್‌ನಲ್ಲಿ. ವೈರಸ್ ಅದಕ್ಕೂ ಮೊದಲೇ ಆ ಆಸ್ಪತ್ರೆಯಲ್ಲಿ ಓಡಾಡುತ್ತಿತ್ತು. ಅಷ್ಟಾದರೂ ಅವರು ಬಿಡುಗಡೆಯಾಗಲು 2007ರ ಜುಲೈ ತನಕ ಕಾಯಬೇಕಾಯಿತು.

ಕುಶಾಲನಗರ ಆಟೋ

ಸರಿ, ಅದು ಆಸ್ಪತ್ರೆ ವಿಷಯ. ಡ್ರಗ್ಸ್ ಚುಚ್ಚಿಕೊಳ್ಳುವವರದ್ದು ತಾವೇ ಮಾಡಿಕೊಂಡದ್ದಲ್ವಾ. ತಳಿ ಹುಡುಕಿ ಏನು ಸಾಧನೆ?

ವಿರಾಜಪೇಟೆ ಲ್ಯಾಬ್

ಒಳ್ಳೆ ಪ್ರಶ್ನೆ. ಹತ್ತಿರದ ಕಥೆಯಿಂದ ಶುರು ಮಾಡುತ್ತೇನೆ.

ಮಣಿಪುರ. 1980ರ ದಶಕದ ಕೊನೆ. ಮ್ಯಾನ್ಮಾರ್ ಗಡಿಯಿಂದ 'ನಂಬರ್ ನಾಲ್ಕು' ಎಂಬ ಬಿಳಿ ಹೆರಾಯಿನ್ ಬರುತ್ತಿತ್ತು. ಹುಡುಗರು ಅದನ್ನು ಚುಚ್ಚಿಕೊಳ್ಳುತ್ತಿದ್ದರು. ಸೂಜಿ ಸಿಗುವುದೇ ಕಷ್ಟ, ಹಂಚಿಕೊಳ್ಳುತ್ತಿದ್ದರು. ಅವರಲ್ಲಿ ಎಚ್‌ಐವಿ ಕಾಣಿಸಿಕೊಂಡ ಮೇಲೆ ಅರ್ಧದಷ್ಟು ಜನಕ್ಕೆ ತಗಲಲು ತಿಂಗಳುಗಳು ಸಾಕಾದವು. ಲೈಂಗಿಕ ಸಂಪರ್ಕದಿಂದ ಹರಡಿದರೆ ಇಷ್ಟು ವೇಗ ಇರುವುದಿಲ್ಲ. ಅಲ್ಲಿ ಥಾಯ್ಲೆಂಡ್ ಕಡೆಯ ಬಿ ಇತ್ತು, ಸಿ ಕೂಡ ಇತ್ತು. ಒಬ್ಬನ ಮೈಯಲ್ಲಿ ಎರಡೂ ಸೇರಿದರೆ ಬೆರಕೆ ತಳಿ ಹುಟ್ಟುತ್ತದೆ. ಚೀನಾದ ಯುನ್ನಾನ್‌ನಲ್ಲೂ ಹೀಗೆ ಬಿ-ಸಿ ಬೆರಕೆಗಳು ಸಿಕ್ಕವು. ಸಿಆರ್‌ಎಫ್ 07 ಎಂಬ ಬೆರಕೆ ತಳಿ ವಾಯವ್ಯದ ಶಿನ್‌ಜಿಯಾಂಗ್ ಕಡೆಗೆ ಹೋಯಿತು. ಸಿಆರ್‌ಎಫ್ 08 ಪೂರ್ವದ ಗುವಾಂಗ್ಶಿ ಕಡೆಗೆ. ನಕ್ಷೆ ಮೇಲೆ ಗೆರೆ ಎಳೆದು ನೋಡಿದರೆ ಅವು ಹೆರಾಯಿನ್ ಲಾರಿ ಹೋಗುವ ದಾರಿಗಳೇ. ಪೊಲೀಸರಿಗೆ ಸಿಗದ ದಾರಿ ವೈರಸ್ಸಿನಲ್ಲಿ ಸಿಕ್ಕಿತು. ಯಾರ ಜಾತಿ, ಯಾರ ಭಾಷೆ ಎಂಬುದರಲ್ಲಿ ಸಿಗಲಿಲ್ಲ.

ಎರಡನೆಯದು ಅಮೆರಿಕದ ಇಂಡಿಯಾನಾ ರಾಜ್ಯ. ಇದನ್ನು ನಾವು ಗಮನವಿಟ್ಟು ಓದಬೇಕು, ಯಾಕೆಂದರೆ ಅದು ದೊಡ್ಡ ಪಟ್ಟಣ ಅಲ್ಲ. ಸ್ಕಾಟ್ ಕೌಂಟಿಯ ಆಸ್ಟಿನ್ ಎಂಬ ಊರು, ಜನಸಂಖ್ಯೆ ಸುಮಾರು 4,200. ಹಳ್ಳಿಗಾಡು. 2004ರಿಂದ 2013ರ ತನಕ ಇಡೀ ಕೌಂಟಿಯಲ್ಲಿ ಪತ್ತೆಯಾದ ಎಚ್‌ಐವಿ ಬರೀ 5. 2015ರ ನವೆಂಬರ್ ಹೊತ್ತಿಗೆ 181. ಚುಚ್ಚಿಕೊಳ್ಳುತ್ತಿದ್ದುದು ಹೆರಾಯಿನ್ ಕೂಡ ಅಲ್ಲ, ಆಕ್ಸಿಮಾರ್ಫೋನ್ ಎಂಬ ನೋವಿನ ಮಾತ್ರೆ. ಅದನ್ನು ಕರಗಿಸಿ ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳುತ್ತಿದ್ದರು. ಒಂದೇ ಮನೆಯಲ್ಲಿ ಮೂರು ತಲೆಮಾರಿನವರು ಸೂಜಿ ಹಂಚಿಕೊಂಡದ್ದೂ ಇತ್ತು.

ವೈರಸ್ ಓದಿದಾಗ ಬಹುತೇಕ ಎಲ್ಲವೂ ಒಂದೇ ಕ್ಲಸ್ಟರ್. ಅಕ್ಷರಗಳಲ್ಲಿ ವ್ಯತ್ಯಾಸವೇ ಇಲ್ಲ ಎನ್ನುವಷ್ಟು. ಅಂದರೆ ಒಂದು ವೈರಸ್ ಒಳಗೆ ಬಂದು, ಸ್ವಲ್ಪ ಸಮಯದಲ್ಲೇ ಬಲೆ ತುಂಬ ಓಡಿದೆ. ಬೇರೆ ಬೇರೆ ಕಡೆಯಿಂದ ಹತ್ತು ಸಲ ಬಂದದ್ದಲ್ಲ. ಮಾಡಬೇಕಾದ ಕೆಲಸ ಇಲ್ಲೇ ಬದಲಾಗುತ್ತದೆ. ಹತ್ತು ಕಡೆಯಿಂದ ಬರುತ್ತಿದ್ದರೆ ಮದ್ದು ಬೇರೆ. ಒಳಗೇ ಓಡುತ್ತಿದ್ದರೆ ಇವತ್ತೇ ಆ ಊರಿಗೆ ಹೊಸ ಸಿರಿಂಜ್, ಪರೀಕ್ಷೆ, ಎಚ್‌ಐವಿ ಮಾತ್ರೆ ಕಳಿಸಬೇಕು. ಆ ರಾಜ್ಯದಲ್ಲಿ ಸಿರಿಂಜ್ ಕೊಡುವುದು ಆಗ ಕಾನೂನುಬಾಹಿರ. ಗವರ್ನರ್ ಮೈಕ್ ಪೆನ್ಸ್ 2015ರ ಮಾರ್ಚ್‌ನಲ್ಲಿ ತುರ್ತುಸ್ಥಿತಿ ಘೋಷಿಸಿ ಅನುಮತಿ ಕೊಟ್ಟರು. ಕೊಟ್ಟ ಮೇಲೆ ಹೊಸ ಸೋಂಕು ಇಳಿಯಿತು.

ಅಥೆನ್ಸ್‌ನಲ್ಲೂ ಇಂಥದ್ದೇ. ಗ್ರೀಸ್ ದೇಶದಲ್ಲಿ ಸೂಜಿಯಿಂದ ಬರುತ್ತಿದ್ದ ಸೋಂಕು ವರ್ಷಕ್ಕೆ 20ರ ಒಳಗಿತ್ತು. 2011ರಲ್ಲಿ 200 ದಾಟಿತು. ಅಲ್ಲಿ ಒಂದಲ್ಲ, ನಾಲ್ಕು ಬಲೆ ಕಂಡವು. ಒಂದರಲ್ಲಿ ಅಫ್ಘಾನಿಸ್ತಾನ, ಇರಾನ್ ಕಡೆಯ ತಳಿ ಇದ್ದದ್ದು ನಿಜ. ಇನ್ನೊಂದರಲ್ಲಿ ಸ್ಪೇನ್, ಪೋರ್ಚುಗಲ್ ಕಡೆಯದ್ದು. 'ವಲಸಿಗರು ತಂದರು' ಅಂತ ಅಲ್ಲೂ ಕೂಗು ಎದ್ದಿತ್ತು. ಆದರೆ ತಳಿ ಎಲ್ಲಿಂದಲೋ ಬಂದು ಸುಮ್ಮನಿದ್ದರೆ ಬಲೆ ಆಗುವುದಿಲ್ಲ. ಸಿರಿಂಜ್ ಸಾಲದ್ದು, ಜನರ ದುಡ್ಡು ಕರಗಿದ್ದು, ಬೀದಿಗೆ ಬಿದ್ದದ್ದು ಎಲ್ಲ ಸೇರಿ ಆದದ್ದು ಅದು.

ಅಮ್ಮತ್ತಿ

ಹೆಸರು ಹಾಕುವುದಿಲ್ಲ, ಕ್ಷಮಿಸಿ. ನನ್ನ ಅಣ್ಣ ಚುಚ್ಚಿಕೊಳ್ಳುತ್ತಿದ್ದ. ಅಸ್ಸಾಂನವನಲ್ಲ, ಇಲ್ಲಿಯವನೇ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಕಲಿತದ್ದು. ಊರಿಗೆ ಬಂದ ಮೇಲೂ ಬಿಡಲಿಲ್ಲ. ನೋವಿನ ಮಾತ್ರೆ ಪುಡಿ ಮಾಡಿ. ಸಿರಿಂಜ್ ಕೇಳಿದರೆ ಒಂದು ಮೆಡಿಕಲ್ ಶಾಪಿನವರು ಎಲ್ಲರೆದುರು ಬೈದು ಕಳಿಸಿದರು. ಆಮೇಲೆ ಅವನು ಅಂಗಡಿಗೇ ಹೋಗಲಿಲ್ಲ. ಗೆಳೆಯರ ಹತ್ತಿರ ಇದ್ದದ್ದನ್ನೇ ನೀರಿನಲ್ಲಿ ತೊಳೆದು ಬಳಸಿದ. ಈಗ ಎಚ್‌ಐವಿ ತಡೆಯುವ ಎಆರ್‌ಟಿ ಮಾತ್ರೆ ತಗೊಳ್ಳುತ್ತಿದ್ದಾನೆ, ಚೆನ್ನಾಗಿದ್ದಾನೆ. ಅವನ ವೈರಸ್ ಓದಿದರೆ ನಮ್ಮ ಮನೆಗೆ ಯಾರಾದರೂ ಬಂದು ಕೇಳುತ್ತಾರಾ? ಅಮ್ಮನಿಗೆ ಅದೇ ಹೆದರಿಕೆ.

ಸೋಮವಾರಪೇಟೆ ಸಿಸ್ಟರ್

ಬರೆದದ್ದು ಒಳ್ಳೆಯದಾಯಿತು. ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ಅಣ್ಣ ಮಾತ್ರೆ ತಪ್ಪಿಸದೆ ತಗೊಂಡು, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಕಾಣದಷ್ಟು ಇಳಿದರೆ ಲೈಂಗಿಕವಾಗಿ ಬೇರೆಯವರಿಗೆ ಹರಡುವುದಿಲ್ಲ. ಅಮ್ಮನಿಗೆ ಇದನ್ನು ಮೊದಲು ಹೇಳಿ. ಒಟ್ಟಿಗೆ ಊಟ ಮಾಡಿದರೆ, ಬಟ್ಟೆ ಒಗೆದರೆ ಏನೂ ಆಗುವುದಿಲ್ಲ ಎಂಬುದನ್ನೂ ಹೇಳಿ.

ನೀರಿನಲ್ಲಿ ತೊಳೆಯುವ ವಿಷಯ. ಅದು ಸಾಲದು. ಸೂಜಿಯ ಬುಡದಲ್ಲಿ ಸ್ವಲ್ಪ ರಕ್ತ ಉಳಿದೇ ಇರುತ್ತದೆ. ಸೂಜಿ ಬಿಚ್ಚಿ ಹಾಕುವಂಥ ಸಿರಿಂಜಿನಲ್ಲಿ ಜಾಸ್ತಿ, ಸೂಜಿ ಅಂಟಿಕೊಂಡೇ ಇರುವ ಇನ್ಸುಲಿನ್ ಸಿರಿಂಜಿನಲ್ಲಿ ಕಡಿಮೆ. ನಮ್ಮ ಹವೆಗೂ ಇದಕ್ಕೂ ಸಂಬಂಧ ಇದೆ. 37 ಡಿಗ್ರಿ ಶಾಖದಲ್ಲಿ ಸಿರಿಂಜಿನೊಳಗಿನ ವೈರಸ್ ಒಂದು ವಾರದಲ್ಲಿ ಹೆಚ್ಚುಕಡಿಮೆ ಸತ್ತೇ ಹೋಗುತ್ತದೆ. 20 ಡಿಗ್ರಿಯಲ್ಲಿ ಮೂರು ವಾರದ ತನಕ ಬದುಕಿದ್ದು ಲ್ಯಾಬಿನಲ್ಲಿ ಕಂಡಿದ್ದಾರೆ. ಮಡಿಕೇರಿಯ ಮಳೆಗಾಲದ ಚಳಿ ನೆನಪಿಸಿಕೊಳ್ಳಿ.

ಪೊನ್ನಂಪೇಟೆ ವಕೀಲರು

ಅಮ್ಮತ್ತಿಯವರಿಗೆ ಕಾನೂನಿನ ಉತ್ತರ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ, ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು. ನಿಮ್ಮ ಅಣ್ಣನ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರು ಊರಿಗೆ ಹೇಳುವ ಹಾಗಿಲ್ಲ. ಕೋರ್ಟ್ ಆದೇಶದಂಥ ಕೆಲವು ವಿನಾಯಿತಿಗಳಿವೆ. 'ಯಾರೋ ಕೇಳಿದರು' ಎಂಬುದು ಆ ಪಟ್ಟಿಯಲ್ಲಿ ಇಲ್ಲ.

ಹಟ್ಟಿಹೊಳೆಯವರಿಗೆ: ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತು ಮಾಡುವುದು ಅದೇ ಕಾಯ್ದೆಯಲ್ಲಿ ನಿಷಿದ್ಧ. ಕ್ಲಬ್ಬಿನಲ್ಲಿ ಯಾರಾದರೂ ಸಲಹೆ ಕೊಟ್ಟರೆ ಇದನ್ನು ಹೇಳಿ.

ಸಿರಿಂಜ್ ಹಂಚುವುದು ಅಪರಾಧ ಎಂದು ಹಲವರು ತಿಳಿದಿದ್ದಾರೆ. ಸೋಂಕು ತಡೆಯಲು ಮಾಡುವ ಇಂಥ ಕಾರ್ಯಕ್ರಮ ಅಪರಾಧ ಅಲ್ಲ ಎಂದು 22ನೇ ಕಲಂ ಹೇಳುತ್ತದೆ. ಇನ್ನು 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆಯಲ್ಲಿ ಡ್ರಗ್ಸ್ ಸೇವನೆ ಅಪರಾಧವೇ. ಆದರೆ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ 64ಎ ಕಲಂನಲ್ಲಿ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಕುಶಾಲನಗರ ಆಟೋ

ಅಮ್ಮತ್ತಿಯವರೇ, ನಿಮ್ಮನ್ನು ನೋಯಿಸಲು ಅಂದದ್ದಲ್ಲ. ಆದರೆ ಸಿರಿಂಜ್ ಕೊಟ್ಟರೆ ಹುಡುಗರು ಇನ್ನೂ ಹಾಳಾಗುವುದಿಲ್ವಾ? ನಮ್ಮ ಟ್ಯಾಕ್ಸ್ ದುಡ್ಡಿನಲ್ಲಿ ಬೇರೆ. ಇದು ನನ್ನೊಬ್ಬನ ಪ್ರಶ್ನೆ ಅಲ್ಲ, ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳುತ್ತಾರೆ.

ಸೋಮವಾರಪೇಟೆ ಸಿಸ್ಟರ್

ಸಿರಿಂಜ್ ಸಿಗಲಿಲ್ಲ ಅಂತ ಅಮ್ಮತ್ತಿಯ ಹುಡುಗ ಚುಚ್ಚಿಕೊಳ್ಳುವುದು ಬಿಟ್ಟನಾ? ಹಳೆಯದನ್ನು ತಗೊಂಡ. ಸೋಂಕಿತನ ಸೂಜಿ ಒಂದು ಸಲ ಹಂಚಿಕೊಂಡರೆ ಅಪಾಯ 10,000ಕ್ಕೆ 63 ಎಂದು ಸಿಡಿಸಿ ಲೆಕ್ಕ. ಒಂದು ಸಲಕ್ಕೆ ಕಡಿಮೆ ಅನಿಸುತ್ತದೆ. ದಿನಕ್ಕೆ ನಾಲ್ಕು ಸಲ ಎಂದು ಗುಣಿಸಿ ನೋಡಿ. ಟ್ಯಾಕ್ಸ್ ದುಡ್ಡು ಅಂದಿರಿ. ಎಆರ್‌ಟಿ ಜೀವನ ಪೂರ್ತಿ ಸರ್ಕಾರವೇ ಕೊಡಬೇಕು. ಸಿರಿಂಜಿಗೆ ಎಷ್ಟು ಬೆಲೆ ನೀವೇ ವಿಚಾರಿಸಿ.

ಸಿರಿಂಜ್ ಒಂದನ್ನೇ ಕೊಟ್ಟು ಕಳಿಸುವುದೂ ಅಲ್ಲ. ಬ್ಯೂಪ್ರಿನಾರ್ಫಿನ್, ಮೆಥಡೋನ್ ಎಂಬ ಬದಲಿ ಔಷಧಗಳಿವೆ. ಬ್ಯೂಪ್ರಿನಾರ್ಫಿನ್ ನಾಲಿಗೆ ಕೆಳಗೆ ಇಡುವ ಮಾತ್ರೆ. ದಿನಾ ಬಂದು ಎದುರಲ್ಲೇ ತಗೊಂಡು ಹೋಗುತ್ತಾರೆ. ಹಾಗೆ ಬರುವವನ ಮುಖ ನಮಗೆ ದಿನಾ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಬೇರೆಯೇ ಕೇಂದ್ರ ಇದೆ. 2021ರ ಸರ್ವೇಕ್ಷಣೆಯಲ್ಲಿ ದೇಶದಲ್ಲಿ ಸೂಜಿ ಬಳಸುವವರಲ್ಲಿ ಎಚ್‌ಐವಿ ಶೇ 9.03. ಲೈಂಗಿಕ ಕಾರ್ಯಕರ್ತೆಯರಲ್ಲಿ ಶೇ 1.85. ಇವರನ್ನು ಬೈದು ಓಡಿಸಿದರೆ ಯಾರಿಗೆ ಲಾಭ?

ವಿರಾಜಪೇಟೆ ಲ್ಯಾಬ್

ಸಿಸ್ಟರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಹೆಪಟೈಟಿಸ್ ಸಿ ಮರೆಯಬೇಡಿ. ಇಂಡಿಯಾನಾದಲ್ಲಿ ಎಚ್‌ಐವಿ ಬಂದವರಲ್ಲಿ ಶೇ 90ಕ್ಕೂ ಹೆಚ್ಚು ಜನರಲ್ಲಿ ಅದೂ ಇತ್ತು. ಸೂಜಿಯಿಂದ ಅದು ಎಚ್‌ಐವಿಗಿಂತ ಸುಲಭವಾಗಿ ಹರಡುತ್ತದೆ. ಒಂದು ಊರಿನ ಹುಡುಗರಲ್ಲಿ ಹೆಪಟೈಟಿಸ್ ಸಿ ಏರಿದರೆ ಅಲ್ಲಿ ಸೂಜಿ ಹಂಚಿಕೆ ಇದೆ ಎಂದು ಅರ್ಥ. ಎಚ್‌ಐವಿ ಒಂದು ಸಲ ಒಳಗೆ ಬಂದರೆ ಸಾಕು. ತಳಿ ಓದುವ ಲ್ಯಾಬ್ ಇಲ್ಲದ ಜಿಲ್ಲೆಗೂ ಈ ಸೂಚನೆ ಸಿಗುತ್ತದೆ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಇದೆ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಪೂರ್ತಿ ವಾಸಿಯಾಗುತ್ತದೆ.

ಎರಡನೆಯದು ಸ್ಕಾಟ್ಲೆಂಡಿನ ಗ್ಲಾಸ್ಗೋ. 2015ರಲ್ಲಿ ಅಲ್ಲಿನ ಸೂಜಿ ಬಳಕೆದಾರರಲ್ಲಿ ಹೊಸ ಸೋಂಕು ಏರಿತು. ಓದಿ ನೋಡಿದರೆ ನಮ್ಮ ದೇಶದಲ್ಲಿರುವ ಅದೇ ಸಿ ಉಪತಳಿ. ಸ್ಕಾಟ್ಲೆಂಡಿನ ಸೂಜಿ ಬಳಕೆದಾರರಲ್ಲಿ ಅದು ಅಪರೂಪ. ಕೆಲವು ಔಷಧಗಳಿಗೆ ಬಗ್ಗದ ಗುರುತೂ ಅದರಲ್ಲಿತ್ತು. ಡಾಕ್ಟರರಿಗೆ ಬೇಕಾದದ್ದು ಅದು. 'ಇದು ಭಾರತದಿಂದ ಬಂತು' ಅಂತ ಯಾರಾದರೂ ಅಲ್ಲಿನ ಕನ್ನಡಿಗರ ಕಡೆ ಕೈ ತೋರಿಸಿದ್ದರೆ ನಮಗೆ ಹೇಗನಿಸುತ್ತಿತ್ತು? ನಮ್ಮ ಸಿ ಕೂಡ ಆಫ್ರಿಕಾದ ದಕ್ಷಿಣ ಭಾಗದಿಂದ ಬಂದದ್ದು ಎಂದೇ ತಳಿಗಳ ವಂಶವೃಕ್ಷ ತೋರಿಸುತ್ತದೆ. ಇನ್ನೂ ಹಿಂದೆ ಹೋದರೆ ಎಂ ಗುಂಪಿನ ಬೇರು 1920ರ ಆಸುಪಾಸಿನ, ಆಫ್ರಿಕಾದ ಕಾಂಗೋ ದೇಶದ ಕಿನ್ಶಾಸಾದಲ್ಲಿ.

ಗೋಣಿಕೊಪ್ಪ ಮೇಷ್ಟ್ರು

ಹಾಗಾದರೆ ಅಮ್ಮತ್ತಿಯವರ ಅಮ್ಮನ ಹೆದರಿಕೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಹೆಸರು ತೆಗೆದು ಬರೀ ನಂಬರ್ ಇಟ್ಟರೂ ನಮ್ಮದು ಸಣ್ಣ ಊರು. 'ಇಂಥ ಹೋಬಳಿಯಲ್ಲಿ ನಾಲ್ಕು ಜನರ ಕ್ಲಸ್ಟರ್' ಎಂದು ಪತ್ರಿಕೆಯಲ್ಲಿ ಬಂದರೆ ಸಾಕು, ಸಂಜೆಯೊಳಗೆ ನಾಲ್ಕೂ ಹೆಸರು ಹೋಟೆಲಿನಲ್ಲಿ ಸಿಗುತ್ತದೆ. ಕಾನೂನು ಓದಿಕೊಂಡು ಯಾರೂ ಗಾಸಿಪ್ ಮಾಡುವುದಿಲ್ಲ.

ವಿರಾಜಪೇಟೆ ಲ್ಯಾಬ್

ಒಪ್ಪುತ್ತೇನೆ ಸರ್. ಅದಕ್ಕೇ ಇಂಥ ವರದಿಯಲ್ಲಿ ಹೋಬಳಿ ಮಟ್ಟದ ಲೆಕ್ಕ ಹೊರಗೆ ಬಿಡಬಾರದು. ಆರೋಗ್ಯ ಇಲಾಖೆಯ ಒಳಗೇ ಇರಬೇಕು, ಪೊಲೀಸರಿಗೆ ಹೋಗಬಾರದು. ಇಷ್ಟು ಖಾತ್ರಿ ಇಲ್ಲದಿದ್ದರೆ ಸೀಕ್ವೆನ್ಸಿಂಗ್ (ವೈರಸ್ಸಿನ ಜೀನ್ ಓದುವುದು) ಮಾಡದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಲ್ಯಾಬಿನವನೇ ಹೀಗೆ ಹೇಳಿದರೆ ವಿಚಿತ್ರ ಅನಿಸಬಹುದು. ಹೆದರಿ ನಾಲ್ಕು ಜನ ಪರೀಕ್ಷೆಗೆ ಬರುವುದನ್ನೇ ಬಿಟ್ಟರೆ ನನಗೆ ಓದಲು ಏನೂ ಇರುವುದಿಲ್ಲ.

ಹಟ್ಟಿಹೊಳೆ ತೋಟ

ಎಲ್ಲರಿಗೂ ಥ್ಯಾಂಕ್ಸ್. ಕೆಲಸಕ್ಕೆ ಸೇರಿಸುವ ಮೊದಲು ಪರೀಕ್ಷೆ ಎಂಬ ಮಾತನ್ನು ನಾನು ಇಲ್ಲಿಗೇ ಬಿಟ್ಟೆ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕ್ಯಾಂಪ್ ಬಗ್ಗೆ ವಿಚಾರಿಸೋಣ ಎಂದಿದ್ದೇನೆ. ಲೈನ್‌ಮನೆ ಹತ್ತಿರ ಮಾಡಿಸಿದರೆ ಆಗುತ್ತಾ? ತೋಟದ ರೈಟರ್‌ಗೆ (ಲೆಕ್ಕ ಬರೆಯುವವರಿಗೆ) ಹೇಳಿ ಎಲ್ಲರ ಹೆಸರಿನ ಪಟ್ಟಿ ಮಾಡಿಸಿಡಲಾ?

ಸೋಮವಾರಪೇಟೆ ಸಿಸ್ಟರ್

ಪಟ್ಟಿ ಬೇಡ. ರೈಟರ್, ಮೇಸ್ತ್ರಿ ಇಬ್ಬರೂ ಆ ಜಾಗದಲ್ಲಿ ಇರಲೇಬಾರದು. ಬರೀ ಎಚ್‌ಐವಿ ಕ್ಯಾಂಪ್ ಎಂದು ಬೋರ್ಡ್ ಹಾಕಬೇಡಿ. ಬಿಪಿ, ಶುಗರ್, ಟಿಬಿ, ಹೆಪಟೈಟಿಸ್ ಎಲ್ಲದರ ಜೊತೆ ಇದೂ ಇರಲಿ. ಬೇಕಾದವರು ಮಾಡಿಸಿಕೊಳ್ಳುತ್ತಾರೆ, ಬೇಡವಾದವರು ಬಿಪಿ ನೋಡಿಸಿಕೊಂಡು ಹೋಗುತ್ತಾರೆ. ಅಸ್ಸಾಮಿ, ಬಂಗಾಳಿ ಮಾತಾಡುವ ಒಬ್ಬರನ್ನು ಕರೆಸಿ. ಅವರು ನಿಮ್ಮ ತೋಟದವರಾಗಿರಬಾರದು.

ನೀವೂ ಅದೇ ಸಾಲಿನಲ್ಲಿ ನಿಂತು ಕೈ ಕೊಡಿ ಅಣ್ಣ. ಮನೆಯವರನ್ನೂ ಕರೆದುಕೊಂಡು ಬನ್ನಿ.

ಕುಶಾಲನಗರ ಆಟೋ

ಕ್ಯಾಂಪ್ ದಿನ ಹೇಳಿ ಅಣ್ಣ. ಸಿಸ್ಟರನ್ನು ಸೋಮವಾರಪೇಟೆಯಿಂದ ನಾನೇ ಕರೆದುಕೊಂಡು ಬರುತ್ತೇನೆ. ಶುಗರ್ ನಂದೂ ನೋಡಿಸಬೇಕು.